ಅರಗಿನ ಐದು ಚುಕ್ಕೆ

ಹಳೆಯ ಮರದ ಸಾಮಾನನ್ನು ‘ಹೊಸದರ ಹಾಗೆ ಮಾಡಿಕೊಡುತ್ತೇವೆ’ ಎಂದು ಬೋರ್ಡು ಹಾಕಿಕೊಂಡವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹೊಸದೇ ಬೇಕಾದವರು ಹೊಸದನ್ನೇ ಕೊಳ್ಳಬಹುದಲ್ಲ, ಹಳೆಯದರ ಚರ್ಮ ಯಾಕೆ ಸುಲಿಯಬೇಕು? ರಾಮನಗರದಲ್ಲಿ ಮೂವತ್ತು ವರ್ಷ ಹಳೆ ಮರದ ಸಾಮಾನಿನ ಅಂಗಡಿ ನಡೆಸಿದವಳು ನಾನು. ಮಾಗಡಿ ಕಡೆಯ ಹಳ್ಳಿಗಳಿಂದ ಬೀಟೆಯ ಮಂಚ, ಕನಕಪುರದಿಂದ ಗಾಜಿನ ಬಾಗಿಲಿನ ಬೀರು ತಂದು ಬೆಂಗಳೂರಿನವರಿಗೆ ಮಾರಿದ್ದೇನೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮಾಗಡಿ ಸೀಮೆಯ ತಿಪ್ಪಸಂದ್ರದ ಕಡೆಯಿಂದ ಎರಡು ಸೀರೆ ಗಂಟು ಕಟ್ಟಿಕೊಂಡು ಬಂದವಳನ್ನು ಯಾರೂ ಕೈ ಹಿಡಿದು ಮೇಲೆತ್ತಲಿಲ್ಲ. ಆದರೆ ಒಂದು ರೇಡಿಯೊ ಪೆಟ್ಟಿಗೆಯ ವಿಷಯದಲ್ಲಿ ನನ್ನ ಚೌಕಾಸಿಯೇ ಕೆಲಸ ಕೆಡಿಸಿತು. ಅದನ್ನು ಈಗ ಹೇಳುವಾಗಲೂ ಕೋಪ ಬರುತ್ತದೆ. ಎಷ್ಟು ಕೋಪ ಯಾರ ಪಾಲಿಗೆ ಎಂಬುದನ್ನು ಓದಿದವರೇ ಹಂಚಿಕೊಳ್ಳಲಿ.

ನಾನು ರಾಮನಗರಕ್ಕೆ ಬಂದದ್ದು ರಾಟೆ ತಿರುಗಿಸುವ ಕೂಲಿಗೆ. ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಆಗ ಒಂದೊಂದು ಒಲೆಗೆ ಇಬ್ಬರು. ಒಬ್ಬರು ಕುದಿನೀರಿನ ಬಾಣಲೆಯ ಮುಂದೆ ಕೂತು, ಗೂಡುಗಳಿಂದ ಎಳೆ ಹುಡುಕಿ ಕೂಡಿಸಿಕೊಡುತ್ತಿದ್ದರು. ಇನ್ನೊಬ್ಬರು ಎದುರಿನ ರಾಟೆಯನ್ನು ಬೆಳಗಿನಿಂದ ಸಂಜೆಯವರೆಗೆ ತಿರುಗಿಸುತ್ತಿದ್ದರು. ನಾನು ತಿರುಗಿಸುತ್ತಿದ್ದ ರಾಟೆಗೆ ಎಳೆ ಕೊಡುತ್ತಿದ್ದವರು ಆ ಮನೆಯ ಯಜಮಾನಿಯೇ. ಯಜಮಾನಿ ಎಂದರೆ ಕಾಲು ಚಾಚಿ ಕೂತವರಲ್ಲ; ನಮ್ಮೆಲ್ಲರಿಗಿಂತ ಮೊದಲು ಒಲೆ ಹೊತ್ತಿಸಿ, ನಮ್ಮೆಲ್ಲರಿಗಿಂತ ಕೊನೆಗೆ ಕೈ ಒರೆಸಿಕೊಳ್ಳುತ್ತಿದ್ದವರು. ನನಗಿಂತ ಹತ್ತು ವರ್ಷ ದೊಡ್ಡವರು. ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ‘ಹುಡ್ಗಿ’ ಎಂದರು. ನನ್ನ ತಲೆ ನೆರೆತ ಮೇಲೂ ಆ ಹೆಸರು ಬದಲಾಗಲಿಲ್ಲ.

ಆಪಾ ಅವರ ಗಂಡನನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಅವರು ಒಂದು ವರ್ಷ ನೂಲಿಗೆ ಒಳ್ಳೆ ಬೆಲೆ ಬಂದಾಗ ರೇಡಿಯೊ ತಂದರು. ಮರದ ಪೆಟ್ಟಿಗೆ, ಮೂಲೆಗಳು ದುಂಡಗೆ, ಎದುರಿಗೆ ಬಟ್ಟೆಯ ಪರದೆ. ಅದರ ಬಲಕ್ಕೆ ಗಡಿಯಾರದ ಹಾಗೆ ದುಂಡನೆಯ ಡಯಲು, ಡಯಲಿನ ನಡುವೆ ಕಾಗೆ ಕೊಕ್ಕಿನಂತೆ ಚೂಪಾದ, ತಿರುಗಿಸುವ ಒಂದು ಗುಂಡಿ. ಕೊಕ್ಕು ಯಾವ ಅಂಕಿಯ ಕಡೆಗಿದೆಯೋ ಆ ಸ್ಟೇಷನ್ನು. ಅಂಕಿಗಳು ಇಂಗ್ಲಿಷಿನವು. ಆಪಾಗೆ ಕುರಾನು ಓದಲು ಬರುತ್ತಿತ್ತು, ನನಗೆ ಕನ್ನಡದಲ್ಲಿ ಮೂರನೇ ಕ್ಲಾಸಿನಷ್ಟು. ಆ ಡಯಲು ನಮ್ಮಿಬ್ಬರಿಗೂ ಅಲ್ಲ.

ಅಲ್ಲ ಎಂದೇ ಸಾಹೇಬರೂ ಹೇಳಿದ್ದರು. ಪೆಟ್ಟಿಗೆ ಇದ್ದದ್ದು ಒಲೆಗಳ ಕೊಟ್ಟಿಗೆಗೂ ಮನೆಗೂ ನಡುವಿನ ಗೋಡೆಯ ಹಲಗೆಯ ಮೇಲೆ. ವಾರ್ತೆಗೆ ಅವರೇ ಹಾಕುತ್ತಿದ್ದರು, ಮುಗಿದ ಮೇಲೆ ಕೊಕ್ಕನ್ನು ಡಯಲಿನ ಕೊನೆಗೆ, ಬರೀ ಸುಯ್ ಎನ್ನುವ ಖಾಲಿ ಜಾಗಕ್ಕೆ ತಿರುಗಿಸಿ ಗೂಡಿನ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಹೆಂಗಸರು ಹಾಡು ಕೇಳಿದರೆ ಕೈ ನಿಲ್ಲುತ್ತದೆ, ಕೈ ನಿಂತರೆ ಎಳೆ ತುಂಡಾಗುತ್ತದೆ ಎಂಬುದು ಅವರ ಲೆಕ್ಕ. ಕೈ ಸುಟ್ಟುಕೊಂಡು ದಿನವಿಡೀ ಕೂರುವವರ ಬಗ್ಗೆ ಎಂಥ ಲೆಕ್ಕ ಅದು! ಹಾಡಿಗೆ ರಾಟೆ ಇನ್ನೂ ಹದವಾಗಿ ತಿರುಗುತ್ತದೆ ಎಂದು ತಿರುಗಿಸಿದವರಿಗೆ ಗೊತ್ತು. ಬಂದು ನಮ್ಮನ್ನು ಕೇಳಿದ್ದರೆ ಹೇಳುತ್ತಿದ್ದೆವು.

ಒಂದೆರಡು ಸಲ ಅವರಿಲ್ಲದಾಗ ತಿರುಗಿಸಿ ಸಿಕ್ಕಿಹಾಕಿಕೊಂಡೆವು. ಹುಡುಕುವಾಗ ಪೆಟ್ಟಿಗೆ ಕಿರುಚುತ್ತಿತ್ತು, ಬೀದಿಗೆಲ್ಲ ಕೇಳುತ್ತಿತ್ತು. ಸಾಲದ್ದಕ್ಕೆ ಕೊಕ್ಕು ಬೇರೆ ಕಡೆ ನಿಂತದ್ದನ್ನು ಸಾಹೇಬರು ಬಾಗಿಲಲ್ಲೇ ಗುರುತಿಸುತ್ತಿದ್ದರು. ಆಗ ದಾರಿ ಹುಡುಕಿದವಳು ನಾನು. ನನ್ನ ಸೋದರಮಾವ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುತ್ತಿದ್ದ. ಅವನ ಲೇತಿನ ಕೆಳಗೆ ಬಣ್ಣದ ಅರಗಿನ ಕಡ್ಡಿಗಳ ತುಂಡು ಬಿದ್ದಿರುತ್ತಿದ್ದವು. ಐದು ಬಣ್ಣದ ತುಂಡು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಒಲೆಯ ಕೆಂಡಕ್ಕೆ ತುದಿ ಹಿಡಿದು, ಕರಗಿದ ತಕ್ಷಣ ಡಯಲಿನ ಸುತ್ತಿನ ಮರದ ಅಂಚಿಗೆ ಒತ್ತಿದರೆ ಅವರೆಕಾಳಿನ ಅರ್ಧದಷ್ಟು ಉಬ್ಬಿದ ಚುಕ್ಕೆ. ಕೆಂಪು ಬೆಂಗಳೂರು. ಹಳದಿ ಮೈಸೂರು. ಹಸಿರು ಮದ್ರಾಸು. ನೀಲಿ ಸಿಲೋನು. ಐದನೆಯದು ಕಪ್ಪು: ಅದು ಸಾಹೇಬರ ಖಾಲಿ ಜಾಗ. ದನಿ ಪೂರ್ತಿ ಇಳಿಸಿ ಕೊಕ್ಕನ್ನು ಕೆಂಪಿಗೆ ತರುವುದು, ಆಮೇಲೆ ಒಸಿ ದನಿ ಏರಿಸುವುದು, ಕೇಳುವುದು, ಮತ್ತೆ ಕಪ್ಪಿಗೆ ತಂದು ನಿಲ್ಲಿಸುವುದು. ಕಿರುಚಾಟವಿಲ್ಲ, ಸುಳಿವಿಲ್ಲ.

ಚುಕ್ಕೆಗಳು ಸಾಹೇಬರ ಕಣ್ಣಿಗೂ ಬಿದ್ದವು. ಇದೇನು ಎಂದರು. ಚೆಂದಕ್ಕೆ ಹಾಕಿಸಿದ್ದು, ಚನ್ನಪಟ್ಟಣದ ಕೆಲಸ ಎಂದರು ಆಪಾ, ಎಳೆಯಿಂದ ತಲೆ ಎತ್ತದೆ. ಅವರು ನಂಬಿದ್ದಷ್ಟೇ ಅಲ್ಲ, ಮನೆಗೆ ಬಂದ ನೂಲಿನ ವ್ಯಾಪಾರಿಗಳಿಗೆ ತಾವೇ ಹಾಕಿಸಿದೆ ಎಂದು ತೋರಿಸುತ್ತಿದ್ದರು. ನಾನು ರಾಟೆಯ ಹಿಂದೆ ಮುಖ ಬಚ್ಚಿಟ್ಟುಕೊಂಡು ನಗುತ್ತಿದ್ದೆ.

ಮದುವೆಯಾಗಿ, ಗಂಡನ ಗುಜರಿ ಗಾಡಿಯಿಂದ ಶುರು ಮಾಡಿ, ಅವನು ಹೋದ ಮೇಲೆ ಅಂಗಡಿ ಮಾಡಿಕೊಂಡು ನಾನು ನನ್ನ ಪಾಡಿಗೆ ಬೆಳೆದೆ. ಸಾಹೇಬರೂ ತೀರಿಕೊಂಡರು, ಒಲೆಗಳು ಆರಿದವು. ಅವರ ಮಗ ಬಸ್ ಸ್ಟ್ಯಾಂಡಿನ ಹತ್ತಿರ ಟಿವಿ, ಫ್ಯಾನು ಮಾರುವ ಅಂಗಡಿ ಇಟ್ಟ. ಒಂದೇ ಊರಿನಲ್ಲಿದ್ದರೂ ಆಪಾ ಅವರನ್ನು ನೋಡದೆ ಮೂರು ನಾಲ್ಕು ವರ್ಷವಾಗಿತ್ತು. ಬೆಂಗಳೂರಿನ ರಸ್ತೆ ಇನ್ನೂ ಕಿರಿದಾಗಿದ್ದ ಕಾಲ ಅದು. ಒಂದು ದಿನ ಹೇಳಿಕಳಿಸಿದರು.

ಹೋದೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ನಾನು ಚಪ್ಪಲಿ ಬಿಡುವ ಹೊತ್ತಿಗೇ “ಬಂದ್ಯಾ ಹುಡ್ಗಿ” ಎಂದರು. ವಿಷಯ ಸಣ್ಣದು. ಮನೆಗೆ ಸುಣ್ಣ ಬಣ್ಣ ಆಗುತ್ತಿದೆ, ಮೊಮ್ಮಗಳನ್ನು ನೋಡಲು ಮೈಸೂರಿನಿಂದ ಗಂಡಿನವರು ಬರುತ್ತಾರೆ. ಹಾಲಿನಲ್ಲಿ ಈ ಪೆಟ್ಟಿಗೆ ಇದ್ದರೆ ಮರ್ಯಾದೆ ಹೋಗುತ್ತದೆ, ಗುಜರಿಗೆ ಹಾಕುತ್ತೇನೆ ಎಂದಿದ್ದಾನೆ ಮಗ. ನೋಡುವ ಹಾಗೆ ಮಾಡಿಕೊಟ್ಟರೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. “ಮಾಡ್ಕೊಡ್ತೀಯಾ” ಎಂದು ಕೇಳಿದರು.

ಇಲ್ಲಿ ನನ್ನ ತಪ್ಪನ್ನು ಹೇಳಬೇಕು. ನಾನು ನೋಡಿದ್ದು ಪೆಟ್ಟಿಗೆಯನ್ನು. ವ್ಯಾಪಾರದವಳ ಕಣ್ಣು, ತಲೆಕೆಳಗು ಮಾಡಿದೆ, ಹಿಂಬದಿಯ ರಟ್ಟು ತೆಗೆದೆ, ಒಳಗೆ ಮೂಗಿಟ್ಟು ಮೂಸಿದೆ. ಎಷ್ಟೋ ವರ್ಷದ ಗೂಡಿನ ಆವಿ ಕುಡಿದ ಮರ, ಸತ್ತ ಹುಳದ ವಾಸನೆ ಇನ್ನೂ ಅದರಲ್ಲಿತ್ತು. ಮೇಲಿನ ತೆಳು ಮರದ ಹಾಳೆ ಎಡಗಡೆ ಗುಳ್ಳೆ ಎದ್ದಿತ್ತು. ಕೆಳಗಿನ ಒಂದು ಮೂಲೆಯ ಜೋಡಣೆ ಬಿಟ್ಟಿತ್ತು. ಹಳೆಯ ಅರಗಿನ ಪಾಲಿಷ್ ಕಪ್ಪಗಾಗಿ, ಆಮೆಯ ಬೆನ್ನಿನ ಹಾಗೆ ಬಿರಿದಿತ್ತು. ಚುಕ್ಕೆಗಳೂ ಕಂಡವು, ಜಿಡ್ಡು ಕೂತು ಐದೂ ಹೆಚ್ಚು ಕಡಿಮೆ ಒಂದೇ ಬಣ್ಣ. ನಕ್ಕೆ, ಅಷ್ಟೇ. ಇಷ್ಟೆಲ್ಲ ನೋಡಿದವಳು ಪಕ್ಕದಲ್ಲಿ ಕೂತವರ ಕಣ್ಣನ್ನು ನೋಡಲಿಲ್ಲ.

ಹಳೆ ಸಾಮಾನು ಕೆಲಸಕ್ಕೆ ಕೊಡುವವರಿಗೆ ನಾನು ಹೇಳುವ ಮೊದಲ ಮಾತು ಇದು. ಕೈ ಹಾಕುವ ಮೊದಲು, ಅದನ್ನು ದಿನಾ ಬಳಸುವವರನ್ನು ಕೂರಿಸಿ, ‘ಒಂದು ಸಲ ಬಳಸಿ ತೋರಿಸಿ’ ಎನ್ನಿ. ಅವರ ಕೈ ಎಲ್ಲಿ ಹೋಗುತ್ತದೆ ನೋಡಿ. ಅಲ್ಲಿಗೆ ಮಾತ್ರ ಯಾರೂ ಉಜ್ಜಬಾರದು. ಇದು ನಾನು ದುಡ್ಡು ಕೊಟ್ಟು ಕಲಿತದ್ದಲ್ಲ, ದುಡ್ಡು ಉಳಿಸಿ ಕಲಿತದ್ದು.

ಕನಕಪುರದಲ್ಲಿ ಒಬ್ಬ ಪಾಲಿಷ್ ಮೇಸ್ತ್ರಿ ಇದ್ದ. ಬಾಗಿಲು, ಮಂಚಕ್ಕೆ ಹೆಸರಾದವನು. ಪೆಟ್ಟಿಗೆ ನೋಡಿ, ಕೈಯಲ್ಲೇ ಮಾಡಬೇಕು, ಹಳೇ ಪಾಲಿಷನ್ನು ಸ್ಪಿರಿಟಿನಲ್ಲಿ ನೆನೆಸಿ ತೆಗೆದು, ಬಟ್ಟೆಯ ಉಂಡೆಯಿಂದ ಅರಗು ಹಚ್ಚುತ್ತಾ ಬರಬೇಕು, ಹತ್ತು ದಿನ ಹಿಡಿಯುತ್ತದೆ ಎಂದ. ಅಂದರೆ ಕೆಲಸ ಗೊತ್ತಿದ್ದವನೇ. ಅವನು ಹೇಳಿದ ರೇಟು ಆ ಕೆಲಸಕ್ಕೆ ಸರಿಯಾಗಿಯೇ ಇತ್ತು. ಆದರೆ ಸರಿಯಾದ ರೇಟನ್ನು ಒಪ್ಪಿಕೊಂಡು ಬಂದರೆ ನನಗೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಎದ್ದು ಹೊರಟವಳ ಹಾಗೆ ಮಾಡಿದೆ, ಬಿಡದಿಯಲ್ಲಿ ಇನ್ನೊಬ್ಬನಿದ್ದಾನೆ ಎಂದೆ, ಮುಂದಿನ ತಿಂಗಳು ಆರು ಕುರ್ಚಿ ಕಳಿಸುತ್ತೇನೆ ಎಂದೆ. ಅರ್ಧಕ್ಕೆ ಇಳಿಸಿದೆ. ಇಳಿಸಿದ ಮೇಲೆ, ಕೊಟ್ಟ ದುಡ್ಡಿಗೆ ಮೋಸವಾಗದಿರಲಿ ಎಂದು ಬಾಗಿಲಲ್ಲಿ ನಿಂತು ತಾಕೀತು ಬೇರೆ ಮಾಡಿದೆ: ಒಂದು ಕಲೆ ಉಳಿಯಬಾರದು, ಹೊಸದರ ಹಾಗೆ ಆಗಬೇಕು.

ನಾಲ್ಕನೇ ದಿನಕ್ಕೇ ಆಗಿದೆ ಎಂದು ಹೇಳಿಕಳಿಸಿದ. ಹೋಗಿ ನೋಡಿದರೆ ಪೆಟ್ಟಿಗೆ ಮಿರಮಿರ ಹೊಳೆಯುತ್ತಿತ್ತು. ಗುಳ್ಳೆ ಕೂತಿತ್ತು, ಮೂಲೆ ಸೇರಿತ್ತು, ಅದರಲ್ಲಿ ನನ್ನ ಮೂಗು, ಮೂಗುತಿ ಎರಡೂ ಕಾಣುತ್ತಿದ್ದವು. ಡಯಲಿನ ಅಂಚು ಬಳಪ ಒರೆಸಿದ ಹಲಗೆಯಷ್ಟು ಸಾಫು. ಚುಕ್ಕೆಗಳಿಲ್ಲ ಎಂಬುದು ನನಗೆ ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಡಿತು. ಹುಡುಗಾಟದ ಕಾಲದ್ದು, ಹೋದರೆ ಹೋಗಲಿ ಅನ್ನಿಸಿತು. ಹೊಳಪಿನ ಮುಂದೆ ಅದು ಅಷ್ಟೇ ಅನ್ನಿಸಿತು.

ಆಪಾ ಮನೆಯಲ್ಲಿ ಮಗನಿಗೆ ಬಹಳ ಸಂತೋಷ. ಹಾಲಿನ ಟಿವಿಯ ಪಕ್ಕದ ಮೇಜಿನ ಮೇಲೆ ತಾನೇ ಇಟ್ಟು, ದೂರ ನಿಂತು ನೋಡಿ, ಆಂಟಿ ನೀವು ಮಾಡಿಸಿದ್ದು ಶೋರೂಮ್ ಪೀಸ್ ಹಂಗಾಯ್ತು ಎಂದ. ಗುಜರಿಯ ಮಾತು ಅಲ್ಲಿಗೆ ಮುಗಿಯಿತು. ಅವನು ಅಂಗಡಿಗೆ ಹೋದ ಮೇಲೆ ಆಪಾ ಎದ್ದು ಮೇಜಿನ ಹತ್ತಿರ ಬಂದರು. ಎರಡು ಕೈಯಿಂದಲೂ ಪೆಟ್ಟಿಗೆಯ ಮೈ ಸವರಿದರು. ಬಗ್ಗಿ ಮೂಸಿದರು. ಬಲಗೈಯ ತೋರುಬೆರಳು ಡಯಲಿನ ಅಂಚಿನಲ್ಲಿ ಒಂದು ಸುತ್ತು ಹೋಯಿತು. ಇನ್ನೊಂದು ಸುತ್ತು ಹೋಯಿತು. ಮೂರನೆಯ ಸುತ್ತಿಗೆ ನಿಧಾನವಾಯಿತು, ನಡುವೆ ನಿಂತು ಉಗುರಿನಿಂದ ಕೆರೆಯಿತು.

“ಹುಡ್ಗಿ, ಇದು ನಮ್ದೇನಾ?”

ಆಗ ಅವರ ಮುಖ ನೋಡಿದೆ. ಕಣ್ಣು ನನ್ನ ಕಡೆಗಿತ್ತು, ಆದರೆ ನನ್ನ ಕಿವಿಯ ಹಿಂದಿನ ಗೋಡೆಯನ್ನು ನೋಡುತ್ತಿತ್ತು. ಯಾವಾಗಿನಿಂದ ಎಂದು ಕೇಳಿದೆ. ಎರಡು ವರ್ಷವಂತೆ. ಕಣ್ಣಿನ ಒತ್ತಡ ಹೆಚ್ಚಾಗಿ ನರ ಒಣಗಿತು, ಆಪರೇಷನ್ನಿನಿಂದಲೂ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಮನೆಯಲ್ಲಿ ಎಲ್ಲಿ ಏನಿದೆ ಎಂಬುದೆಲ್ಲ ಕೈಗೆ ಗೊತ್ತು, ತೊಂದರೆಯಿಲ್ಲ ಎಂದರು. ರೇಡಿಯೊ ಕೂಡ ಕೈಗೆ ಗೊತ್ತಿತ್ತು. ಸುಮ್ಮನೆ ಅಷ್ಟು ಹೇಳಿ, ನನಗೆ ಬೇಸರವಾಗದಿರಲಿ ಎಂದು, “ಚೆನ್ನಾಗಿ ಮಾಡ್ಸಿದೀಯ, ಗಾಜು ಸವರಿದಂಗೆ ಆಯ್ತದೆ” ಎಂದು ಸೇರಿಸಿದರು.

ಹಾಗೇ ಹುಡುಕಿಕೊಳ್ಳಬಹುದಲ್ಲ ಆಪಾ, ಕಿವಿಗೆ ಸ್ಟೇಷನ್ನು ಸಿಗುತ್ತದಲ್ಲ ಎಂದೆ. ತಪ್ಪು ಮಾಡಿದವರು ಹೀಗೇ ಸುಲಭದ ದಾರಿ ಹೇಳುವುದು. “ಹುಡುಕಿದ್ರೆ ಕಿರುಚ್ತದೆ” ಎಂದರು ಆಪಾ. ಕಿರುಚಿದರೆ ಈಗೇನು ಎಂದು ನಾನು ಕೇಳಲಿಲ್ಲ. ಗಂಡಿನವರು ಹದಿನೈದು ದಿನದಲ್ಲಿ ಬರುವವರಿದ್ದರು. ಅಂಚನ್ನು ಸರಿ ಮಾಡಿಸುತ್ತೇನೆ ಎಂದು ಮಗನಿಗೆ ಹೇಳಿಕಳಿಸಿ ಪೆಟ್ಟಿಗೆಯನ್ನು ಆಟೊದಲ್ಲಿ ಹೇರಿಕೊಂಡು ಬಂದೆ.

ಮಾರನೆಯ ದಿನ ಕನಕಪುರದ ಬಸ್ಸು ಹತ್ತುವಾಗಲೇ ನನ್ನ ಬಾಯಲ್ಲಿ ಮಾತು ಕುದಿಯುತ್ತಿತ್ತು. ಮೇಸ್ತ್ರಿ ಯಾರದೋ ದೇವರ ಮನೆ ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದ. ಪಕ್ಕದಲ್ಲಿ ಉಜ್ಜುವ ಮಿಷನ್ನು ಬಿದ್ದಿತ್ತು. ಪೆಟ್ಟಿಗೆಯ ಮೇಲೂ ಅದನ್ನೇ ಓಡಿಸಿದ್ದ. ಕಾಗದದಷ್ಟು ತೆಳುವಾದ ಮರದ ಹಾಳೆಯ ಮೇಲೆ ಮಿಷನ್ನು! ಬಲಗಡೆಯ ಮೂಲೆಯಲ್ಲಿ ಹಾಳೆ ತೂತಾಗಿ ಕೆಳಗಿನ ಬಿಳಿ ಮರ ಕಂಡದ್ದನ್ನು ಬಣ್ಣ ತೀಡಿ ಮುಚ್ಚಿದ್ದನ್ನೂ ನಾನು ಮನೆಯಲ್ಲಿ ಕಂಡುಕೊಂಡಿದ್ದೆ. ಅರಗಿನ ಪಾಲಿಷ್ ಎಲ್ಲಿ, ಹೊಡೆದದ್ದು ಡಬ್ಬಿಯ ವಾರ್ನಿಷ್. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಚುಕ್ಕೆ ಯಾಕೆ ತೆಗೆದೆ ಎಂದು ಕೇಳಿದೆ.

“ಕಲೆ ಅನ್ಕಂಡೆ ಅಕ್ಕ.”

“ಐದೂ ಒಂದೇ ಅಳ್ತೆಗೆ, ದುಂಡಗೆ, ಡಯಲ್ ಸುತ್ತ ಬೀಳೋ ಕಲೆನ ಎಲ್ಲಾರ ಕಂಡಿದ್ದೀಯೇನಪ್ಪ?”

“ಮಕ್ಳು ಏನೋ ಮೆತ್ತವೆ ಅನ್ಕಂಡೆ. ಒಂದು ಕಲೆನೂ ಉಳೀಬಾರ್ದು ಅಂದೋರು ನೀವೇ ತಾನೆ.” ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿಕೊಂಡ. “ನಿಮ್ಮ ಕಾಸಿಗೆ ಕೂತ್ಕಂಡು ಯೋಚ್ನೆ ಮಾಡಕ್ಕಾಯ್ತದಾ ಅಕ್ಕ? ಕೈಯಾಗೆ ಮಾಡೋ ರೇಟ್ ಮೊದ್ಲೇ ಹೇಳಿದ್ದೆ. ನೀವು ಮಿಷನ್ ರೇಟ್ ಕೊಟ್ರಿ.”

ಬೈಯುವುದಕ್ಕೆ ಬಾಯಿ ತೆರೆದೆ. ಬೈದೆ ಕೂಡ. ಗೊತ್ತಿರುವ ಕೆಲಸವನ್ನು ಗೊತ್ತಿದ್ದೂ ಕೆಡಿಸುವವನು ಗೊತ್ತಿಲ್ಲದವನಿಗಿಂತ ಕಡೆ, ಆಗುವುದಿಲ್ಲ ಎಂದು ಪೆಟ್ಟಿಗೆ ವಾಪಸು ಕೊಡುವ ನಾಲಗೆ ಇರಲಿಲ್ಲವೇ ಎಂದೆ. ಅದು ನಾನು ಈಗಲೂ ಹಿಂದಕ್ಕೆ ತೆಗೆದುಕೊಳ್ಳದ ಮಾತು. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಅವನ ಮಾತು ಪಕ್ಕದ ಸೀಟಿನಲ್ಲೇ ಕೂತಿತ್ತು. ಚೌಕಾಸಿ ಮಾಡುವವರಿಗೆ ಒಂದು ಮಾತು ಹೇಳುತ್ತೇನೆ, ಉಚಿತವಾಗಿ. ಸಾಮಾನಿನ ಬೆಲೆಯನ್ನು ಎಷ್ಟು ಬೇಕಾದರೂ ಎಳೆದಾಡಿ, ಸಾಮಾನು ಮುನಿಸಿಕೊಳ್ಳುವುದಿಲ್ಲ. ಕೈಕೆಲಸದ ಬೆಲೆ ಇಳಿಸಿದಿರೋ, ಇಳಿದಷ್ಟು ಕೈ ಅದರೊಳಗಿಂದ ಎದ್ದು ಹೋಗುತ್ತದೆ. ನಿಮಗೆ ಗೊತ್ತಾಗುವುದು ಮನೆಗೆ ತಂದ ಮೇಲೆ.

ಇಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ. ಅರಗಿಗೆ ಕನಕಪುರಕ್ಕೆ ಯಾಕೆ ಹೋದೆ, ಚನ್ನಪಟ್ಟಣ ಮೂಗಿನ ಕೆಳಗೇ ಇತ್ತಲ್ಲ, ಊರಿಗೆ ಊರೇ ಅರಗಿನಲ್ಲಿ ಬದುಕುತ್ತಿದೆಯಲ್ಲ ಎಂದುಕೊಂಡು ಪೆಟ್ಟಿಗೆ ಸಮೇತ ಅಲ್ಲಿಗೆ ಹೋದೆ. ಸೋದರಮಾವ ಇರಲಿಲ್ಲ, ಅವನ ಜೊತೆ ಕೆಲಸ ಮಾಡಿದ ಮುದುಕರೊಬ್ಬರು ಇನ್ನೂ ಲೇತಿನ ಮುಂದೆ ಕೂರುತ್ತಿದ್ದರು. ಇಡೀ ಪೆಟ್ಟಿಗೆಗೆ ಬೊಂಬೆಯ ಹಾಗೆ ಅರಗು ಹಿಡಿಸಿಕೊಡಿ ಎಂದೆ. ಅವರು ಕೆಲಸ ನಿಲ್ಲಿಸದೆ, ತಿರುಗುತ್ತಿದ್ದ ಹಾಲೆ ಮರದ ತುಂಡಿಗೆ ಕೆಂಪು ಕಡ್ಡಿ ಒತ್ತಿದರು. ಉಜ್ಜಿದ ಕಾವಿಗೆ ಅರಗು ಕರಗಿ ಮರದ ಮೈಗೆ ಹರಡಿತು. ತಾಳೆಗರಿ ಹಿಡಿದರು, ಹೊಳಪು ಬಂತು.

“ನಮ್ಮ ಅರಗು ತಿರುಗೋದ್ಕೆ ಮಾತ್ರ ಹಿಡೀತದೆ ಕಣಮ್ಮಣ್ಣಿ. ನಿನ್ನ ಪೆಟ್ಗೆನ ಲೇತಿಗೆ ಕಟ್ಟಿ ತಿರುಗ್ಸನಾ?”

ಸುತ್ತ ಇದ್ದವರು ನಕ್ಕರು, ನನಗೆ ನಗು ಬರಲಿಲ್ಲ. ಚುಕ್ಕೆಯನ್ನಾದರೂ ಇಟ್ಟುಕೊಡಿ ಎಂದೆ. ಕಡ್ಡಿ ಕಾಯಿಸಿ ಅಂಚಿನ ಮೇಲೆ ಒಂದು ಹನಿ ಒತ್ತಿದರು, ಆರಲು ಬಿಟ್ಟರು, ಉಗುರು ತಾಗಿಸಿದರು. ಹನಿ ಗುಂಡಿಯ ಹಾಗೆ ಟಕ್ಕೆಂದು ಎಗರಿ ಎಲ್ಲೋ ಬಿತ್ತು. ಡಬ್ಬಿಯ ವಾರ್ನಿಷ್ ಅರಗನ್ನು ಹತ್ತಿರ ಸೇರಿಸುವುದಿಲ್ಲವಂತೆ. ಅಂಚಿನ ವಾರ್ನಿಷನ್ನು ಪೂರ್ತಿ ತೆಗೆಯಬೇಕು, ಅರಗಿನ ಚಕ್ಕೆಯನ್ನು ಸ್ಪಿರಿಟಿನಲ್ಲಿ ಕರಗಿಸಿ ಮರಕ್ಕೆ ತೆಳುವಾಗಿ ಹತ್ತಾರು ಸಲ ಕುಡಿಸಬೇಕು, ಆಮೇಲೆ ಚುಕ್ಕೆ. ಅರಗಿಗೆ ಅರಗೇ ಅಂಟುವುದು ಎಂದರು. ಯಾರು ಮಾಡುತ್ತಾರೆ ಎಂದು ಕೇಳಿದೆ. ನನ್ನ ಕೈಗಳನ್ನು ನೋಡಿ, ರಾಟೆ ತಿರುಗಿಸಿದ ಕೈ ಅಲ್ಲವೇ, ಮಾಡು ಎಂದರು. ಐದು ಬಣ್ಣದ ಕಡ್ಡಿಗೆ, ಒಂದು ಪೊಟ್ಟಣ ಚಕ್ಕೆಗೆ ಎಷ್ಟಾಯಿತು ಎಂದು ಕೇಳಿ, ಅವರು ಹೇಳಿದಷ್ಟನ್ನು ಕೊಟ್ಟೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡೇ ಕೊಟ್ಟೆ.

ಎಂಟು ದಿನ ಅಂಗಡಿಯ ಹಿಂದೆ ಕೂತೆ. ವಾರ್ನಿಷ್ ತೆಗೆಯುವ ನೀರನ್ನು ಬ್ರಷ್ಷಿನಲ್ಲಿ ಹಚ್ಚಿ, ಅದು ಉಬ್ಬಿ ಎದ್ದಮೇಲೆ ಬಿದಿರಿನ ಚಕ್ಕೆಯಿಂದ ಎತ್ತಬೇಕು. ಕಬ್ಬಿಣ ತಾಗಿಸಿದರೆ ಹಾಳೆ ಗೀರಿಹೋಗುತ್ತದೆ. ಆಮೇಲೆ ಹಳೇ ಬನಿಯನ್ನಿನೊಳಗೆ ಹತ್ತಿ ಇಟ್ಟು ಉಂಡೆ ಮಾಡಿ, ಅರಗಿನ ನೀರಿನಲ್ಲಿ ಅದ್ದಿ, ನಿಲ್ಲಿಸದೆ ಸುತ್ತಿಸುತ್ತಾ ಹಚ್ಚಬೇಕು. ನಿಲ್ಲಿಸಿದರೆ ಅಲ್ಲೇ ಅಂಟುತ್ತದೆ. ಮೊದಲ ದಿನ ಎರಡು ಸಲ ಅಂಟಿತು. ಕೈ ರಾಟೆಯ ಲಯ ಹಿಡಿದ ಮೇಲೆ ಅಂಟಲಿಲ್ಲ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ನಡುವೆ ಒಣಗಲು ಬಿಡುವುದು. ಗಿರಾಕಿಗಳು ಬಂದು ಕರೆದರೆ ಬೆಲೆ ಒಳಗಿಂದಲೇ ಕೂಗಿದೆ. ಎಂಟನೆಯ ದಿನಕ್ಕೆ ಅಂಚು ಜೇನಿನ ಬಣ್ಣಕ್ಕೆ ಬಂತು. ಉಳಿದ ಪೆಟ್ಟಿಗೆ ವಾರ್ನಿಷ್ಷಿನಲ್ಲಿ ಹೊಳೆಯುತ್ತಲೇ ಇತ್ತು; ಅದನ್ನು ಮುಟ್ಟಲಿಲ್ಲ, ಮಗನಿಗೆ ಬೇಕಾದದ್ದು ಅದೇ ಹೊಳಪು.

ಚುಕ್ಕೆ ಇಡಲು ಆಪಾ ಮನೆಗೇ ಹೋದೆ. ಮಗ ಅಂಗಡಿಯಲ್ಲಿದ್ದ, ಸೊಸೆ ಮಗಳನ್ನು ಕರೆದುಕೊಂಡು ಬಟ್ಟೆ ತರಲು ಹೋಗಿದ್ದಳು. ಮೇಣದಬತ್ತಿ ಹಚ್ಚಿಟ್ಟುಕೊಂಡು ರೇಡಿಯೊ ಹಾಕಿದೆ. ಬೆಂಗಳೂರು, ಮೈಸೂರು ತಕ್ಷಣ ಸಿಕ್ಕವು, ಕೆಂಪು ಹಳದಿ ಇಟ್ಟೆ. ಮದ್ರಾಸು, ಸಿಲೋನು ಹಗಲಲ್ಲಿ ಸರಿಯಾಗಿ ಬರುವುದಿಲ್ಲ, ಸೂರ್ಯ ಇಳಿಯುವವರೆಗೆ ಇಬ್ಬರೂ ಕಾದೆವು. ಆಪಾ ಬೆರಳಿಟ್ಟು ‘ಇಲ್ಲಿ’ ಎನ್ನುತ್ತಿದ್ದರು, ನಾನು ಕೊಕ್ಕು ತಿರುಗಿಸಿ ನೋಡುತ್ತಿದ್ದೆ. ಎರಡು ಸಲವೂ ಬೆರಳು ತೋರಿಸಿದ ಕಡೆಯೇ ಸ್ಟೇಷನ್ನು ಇತ್ತು. ಹಸಿರು ಇಟ್ಟೆ, ನೀಲಿ ಇಟ್ಟೆ. ಮೇಣದಬತ್ತಿ ಆರಿಸಲು ಹೊರಟೆ.

“ಕರೀದು?” ಎಂದರು ಆಪಾ.

ಅದು ಈಗ ಯಾಕೆ ಆಪಾ, ಸಾಹೇಬರೇ ಇಲ್ಲವಲ್ಲ ಎಂದೆ, ನಗುತ್ತಲೇ.

“ಆಗ ಅವ್ರಿಗೆ. ಈಗ ಇವ್ನಿಗೆ.”

ಬಿಡಿಸಿ ಹೇಳಿದರು, ದೂರಿನ ದನಿಯೇ ಇಲ್ಲದೆ. ಕಣ್ಣು ಕಾಣದವರು ಕರೆಂಟಿನ ಪೆಟ್ಟಿಗೆ ಮುಟ್ಟಬಾರದು, ಶಾಕ್ ಹೊಡೆದರೆ ಯಾರು ಜವಾಬ್ದಾರಿ ಎಂದು ಮಗ ಹೇಳಿದ್ದಾನೆ. ರಾತ್ರಿ ಬಂದು ಅಮ್ಮನಿಗೆಂದು ಅವನೇ ವಾರ್ತೆ ಹಾಕುತ್ತಾನೆ, ಮುಗಿದ ಮೇಲೆ ಕೊಕ್ಕನ್ನು ಕೊನೆಗೆ ತಿರುಗಿಸಿ ಮಲಗುತ್ತಾನೆ. ಬೆಳಿಗ್ಗೆ ಹೋಗುವಾಗ ಒಂದು ಸಲ ನೋಡುತ್ತಾನೆ, ಬಂದಾಗ ಒಂದು ಸಲ ನೋಡುತ್ತಾನೆ. ಸೊಸೆಗೂ ಹೇಳಿಟ್ಟಿದ್ದಾನೆ. ಅದಕ್ಕೇ ದನಿ ಇಳಿಸಿ ತಿರುಗಿಸುವುದು, ಪರದೆಗೆ ಕಿವಿ ಹಚ್ಚಿ ಕೇಳುವುದು, ಕರೀ ಚುಕ್ಕೆಗೆ ವಾಪಸು ನಿಲ್ಲಿಸುವುದು.

ನಾನು ಎದ್ದು ನಿಂತೆ. ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ ಅವನಿಗೆ ಎರಡು ಮಾತು ಕೇಳಬೇಕು ಅನ್ನಿಸಿತು. ಅವನು ಮಾರುವ ಫ್ಯಾನು, ಅವನು ಉಡುವ ಬಟ್ಟೆ, ಅವನ ಮೈಯ ಪ್ರತಿಯೊಂದು ಮೂಳೆ ಕುದಿನೀರಿನಲ್ಲಿ ಬೆಂದ ಈ ಕೈಗಳಿಂದ ಬಂದದ್ದು. ಅರವತ್ತು ದಾಟಿದ ಹೆಂಗಸು ತನ್ನ ಮನೆಯಲ್ಲಿ ಹಾಡು ಕೇಳಲು ಕಳ್ಳತನ ಮಾಡಬೇಕೇ? ಶಾಕಿನ ಭಯವಿದ್ದರೆ ವೈರು ಬದಲಾಯಿಸಲಿ, ಅಂಗಡಿಯಲ್ಲಿ ಸುರುಳಿಗಟ್ಟಲೆ ಇಟ್ಟುಕೊಂಡಿದ್ದಾನಲ್ಲ. ಇಷ್ಟನ್ನೂ ಗಟ್ಟಿಯಾಗಿಯೇ ಹೇಳಿದೆ. ಆಪಾ ನನ್ನ ಮಣಿಕಟ್ಟು ಹುಡುಕಿ ಹಿಡಿದುಕೊಂಡರು.

“ನೀ ಜಗಳ ಆಡ್ಬುಟ್ಟು ಮನೆಗೆ ಹೋಯ್ತೀಯ. ನಾ ಇಲ್ಲೇ ಇರ್ಬೇಕು. ಇಡು.”

ಇಟ್ಟೆ. ಕೊನೆಯ ಅಂಕಿ ದಾಟಿ, ಅವರ ಬೆರಳು ತೋರಿಸಿದ ಕಡೆ. ಅಷ್ಟು ಕೋಪದಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಆದರೆ ಐದರಲ್ಲಿ ಅತ್ಯಂತ ದುಂಡಗೆ ಕೂತದ್ದು ಅದೇ. ಆಪಾ ದನಿ ಇಳಿಸಿ, ಕರಿಯಿಂದ ಕೆಂಪಿಗೆ, ಕೆಂಪಿನಿಂದ ನೀಲಿಗೆ, ಮತ್ತೆ ಕರಿಗೆ ಕೊಕ್ಕು ತಿರುಗಿಸಿದರು. ಒಂದು ಸಲವೂ ಕಿರುಚಲಿಲ್ಲ.

ನಾನು ಸೆರಗಿನಲ್ಲಿ ಅರಗಿನ ಕಡ್ಡಿ ಕಟ್ಟಿಕೊಳ್ಳುವ ಹೊತ್ತಿಗೆ ಮಗ ಬಂದ. ಪೆಟ್ಟಿಗೆಯ ಹತ್ತಿರ ಹೋಗಿ ಮೊದಲು ಕೊಕ್ಕು ನೋಡಿದ, ಅದು ನನ್ನ ಕಣ್ಣು ತಪ್ಪಲಿಲ್ಲ. ಆಮೇಲೆ ಅಂಚು ನೋಡಿ, ಇದೇನು ಆಂಟಿ, ಮತ್ತೆ ಬಣ್ಣ ಮೆತ್ತಿದ್ದೀರಿ ಎಂದ. ನಾಲಗೆಯ ತುದಿಗೆ ಬಂದಿದ್ದ ಎರಡು ಮಾತು ಅಲ್ಲೇ ಇದ್ದವು. ಆಪಾ ಕುರ್ಚಿಯಲ್ಲಿ ಕೈ ಮಡಚಿ, ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

“ಚೆಂದಕ್ಕೆ ಕಣಪ್ಪ” ಎಂದೆ. “ಚನ್ನಪಟ್ಟಣದ ಕೆಲಸ.”

ಅವನು ಒಂದು ಹೆಜ್ಜೆ ಹಿಂದೆ ನಿಂತು, ತಲೆ ವಾಲಿಸಿ ನೋಡಿ, ಹೌದು, ಒಂಥರಾ ಚೆನ್ನಾಗೇ ಇದೆ ಎಂದ. ಗಂಡಿನವರು ಬಂದಾಗ ತಾನೇ ಹಾಕಿಸಿದೆ ಎಂದು ಹೇಳಿಕೊಂಡನಂತೆ.